ಅನುಭವ ನಮ್ಮದು, ಥಿಯರಿ ಯಾರದು?

ಎಂ.ಎ. ಎರಡನೇ ವರ್ಷದಲ್ಲಿ ನಮಗೆ ಸಾಹಿತ್ಯ ವಿಮರ್ಶೆ ಮತ್ತು ಸಂಸ್ಕೃತಿ ಚಿಂತನೆಯ ಒಂದು ಪತ್ರಿಕೆಯಿತ್ತು. ಗ್ರಾಮ್ಷಿ, ಫುಕೋ, ದೆರಿದಾ, ಸ್ಪಿವಾಕ್ ಹೀಗೆ ಹೆಸರುಗಳು ಒಂದರ ಹಿಂದೊಂದು ಬರುತ್ತಿದ್ದವು. ಡೀಕನ್‌ಸ್ಟ್ರಕ್ಷನ್‌ಗೆ ಒಬ್ಬ ಮೇಷ್ಟ್ರು ‘ನಿರಚನೆ’ ಎಂದರೆ ಇನ್ನೊಬ್ಬರು ‘ವಿರಚನೆ’ ಎನ್ನುತ್ತಿದ್ದರು. ಹಾಸ್ಟೆಲ್ಲಿನ ನಾವು ಐದಾರು ಹುಡುಗರು ಎರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವು, ಪಾಸೂ ಆದೆವು. ಆ ಮಾತುಗಳಿಂದ ನಮ್ಮ ಕೇರಿಯ ಬಗ್ಗೆ ಏನಾದರೂ ತಿಳಿಯಿತೇ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಸೆಮಿನಾರಿಗೆಂದು ನಾನು ನಮ್ಮೂರಿನ ಟೀ ಹೋಟ್ಲಿನಲ್ಲಿ ನಮ್ಮವರಿಗಾಗಿಯೇ ಹೊರಗೆ ಸೂರಿಗೆ ಸಿಕ್ಕಿಸಿಡುತ್ತಿದ್ದ ಲೋಟಗಳ ಬಗ್ಗೆ ಬರೆದಿದ್ದೆ. ಓದಿ ಮುಗಿಸಿದಾಗ ಮೇಷ್ಟ್ರು, “ಅನುಭವ ಚೆನ್ನಾಗಿದೆ ಕಣಯ್ಯ. ಆದರೆ ಇದರಲ್ಲಿ ಥಿಯರಿ ಎಲ್ಲಿದೆ?” ಅಂದರು. ಅವರೇನೂ ಕೆಟ್ಟವರಲ್ಲ, ನನಗೆ ಪುಸ್ತಕ ಕೊಟ್ಟು ಓದಿಸಿದವರು. ಅದಕ್ಕೇ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಥಿಯರಿ ಎಂದರೇನು? ಕಣ್ಣಿಗೆ ಬಿದ್ದದ್ದನ್ನು ‘ಲೋಕ ಇರೋದೇ ಹಿಂಗೆ’ ಎಂದು ಬಿಡದೆ, ಇದು ಹೀಗೇಕಿದೆ, ಇಷ್ಟು ಕಾಲ ಹೇಗೆ ಉಳಿಯಿತು ಎಂದು ಕೇಳುವುದು. ಸಿಕ್ಕ ಉತ್ತರ ಪಕ್ಕದೂರಿಗೂ ಹೊಂದುತ್ತದೆಯೇ ಎಂದು ನೋಡುವುದು. ಇಷ್ಟೇ ಆಗಿದ್ದರೆ ಅದು ಒಂದು ಜನರ ಆಸ್ತಿ ಆದದ್ದು ಹೇಗೆ? ಗೋಪಾಲ ಗುರು 2002ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನದಲ್ಲಿ ಈ ಪ್ರಶ್ನೆಯನ್ನೇ ಎತ್ತಿದ್ದರು. ಸಿದ್ಧಾಂತ ಕಟ್ಟುವ ಬ್ರಾಹ್ಮಣರು, ವಿವರ ಹೊತ್ತು ತರುವ ಶೂದ್ರರು ಎಂಬ ಭೇದ ನಮ್ಮ ಸಮಾಜ ವಿಜ್ಞಾನದ ಒಳಗೇ ಇದೆ ಎಂಬುದು ಅವರ ವಾದ. ನನ್ನ ಸೆಮಿನಾರಿನಲ್ಲಿ ಆದದ್ದು ಏನು ಎಂದು ನನಗೆ ಅದನ್ನು ಓದಿದಾಗ ತಿಳಿಯಿತು.

ಆಮೇಲೆ ಇನ್ನೊಂದು ಸೆಮಿನಾರ್ ಪೇಪರ್ ಕೈಗೆ ಸಿಕ್ಕಿತು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಓದಿದ ‘ಭಾರತದಲ್ಲಿ ಜಾತಿಗಳು’. ಓದಿದವರು ಅಂಬೇಡ್ಕರ್, ಆಗ ಅವರಿಗೆ 25 ವರ್ಷ. ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಈ ನಾಲ್ವರ ವ್ಯಾಖ್ಯೆಗಳನ್ನು ಎದುರಿಟ್ಟುಕೊಂಡು ಒಂದೊಂದಾಗಿ ಪರೀಕ್ಷಿಸಿದರು. ಜಾತಿಯ ತಿರುಳು ಮೈಲಿಗೆಯಲ್ಲ, ಒಳಮದುವೆ ಎಂದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರೂ ಆ ಬೇಲಿ ಕಾಯುವ ಉಪಾಯಗಳೆಂದು ತೋರಿಸಿದರು. ಜಾತಿ ಮೇಲಿನಿಂದ ಕೆಳಕ್ಕೆ ಹರಡಿದ ಬಗೆಯನ್ನು ಹೇಳಲು ಫ್ರಾನ್ಸಿನ ಗೇಬ್ರಿಯಲ್ ತಾರ್ದ್‌ನ ಅನುಕರಣೆಯ ನಿಯಮಗಳನ್ನು ಬಳಸಿಕೊಂಡರು. ಹೊರಗಿನ ಥಿಯರಿಗೆ ಅವರು ಮಡಿಯನ್ನೂ ಮಾಡಲಿಲ್ಲ, ಅಡ್ಡವೂ ಬೀಳಲಿಲ್ಲ. ಕೆಲಸಕ್ಕೆ ಬೇಕಾದಷ್ಟು ತೆಗೆದುಕೊಂಡರು.

ನಮ್ಮ ಗೆಳೆಯರಲ್ಲಿ ಕೆಲವರು ‘ಥಿಯರಿ ಎಂಬುದೇ ಬ್ರಾಹ್ಮಣ್ಯ, ನಮಗೆ ಅನುಭವ ಸಾಕು’ ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಾಗೆಂದರೆ ಮೇಷ್ಟ್ರು ತೋರಿಸಿದ ಜಾಗದಲ್ಲೇ ನಾವಾಗಿ ಹೋಗಿ ಕೂತಂತಾಗುತ್ತದೆ. ಸಂಸ್ಕೃತಿ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ ರೇಮಂಡ್ ವಿಲಿಯಮ್ಸ್, ವೇಲ್ಸಿನ ರೈಲ್ವೆ ಸಿಗ್ನಲ್ ಕೆಲಸಗಾರನ ಮಗ. ಗ್ರಾಮ್ಷಿ ತನ್ನ ಟಿಪ್ಪಣಿಗಳನ್ನು 1929ರಿಂದ 1935ರವರೆಗೆ ಬರೆದದ್ದು ಮುಸೊಲಿನಿಯ ಕೈದಿಯಾಗಿ. ಇವರನ್ನು ಓದಲು ನಾವು ಯಾರ ಅಪ್ಪಣೆ ಕೇಳಬೇಕು?

ಈಗ ಆ ಲೋಟಕ್ಕೆ ಬರುತ್ತೇನೆ. ಗ್ರಾಮ್ಷಿಯ ಹೆಜೆಮನಿಯನ್ನು ನಮಗೆ ‘ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ನಡೆಯುವ ಯಜಮಾನಿಕೆ’ ಎಂದು ನೋಟ್ಸ್ ಬರೆಸಿದ್ದರು. ರಜೆಗೆ ಊರಿಗೆ ಹೋದಾಗ ಅವ್ವನನ್ನು ಕೇಳಿದೆ.

“ಟೀ ಕುಡ್ದು ಲೋಟ ನೀನೇ ತೊಳ್ದಿಡ್ತಿದ್ದೆಯಲ್ಲವ್ವ, ಯಾರಾದ್ರೂ ಹೇಳ್ತಿದ್ರಾ?”

“ಮೊದ್‌ಮೊದ್ಲು ಗದುರ್ಸ್ತಿದ್ರು. ಆಮ್ಯಾಲೆ ಯೋಳದೇ ಬ್ಯಾಡ್ವಾಯ್ತು.”

“ಹಂಗಾದ್ರೆ ಒಪ್ಕಂಡಿದ್ದೆ ಅನ್ನು.”

“ಒಪ್ಪದೇನ್ ಬಂತು ಕಣಪ್ಪ, ಮಾರ್ನೇ ದಿನ ಕೂಲಿಗೆ ಆ ಹೋಟ್ಲೋರ ಹೊಲಕ್ಕೇ ಹೋಗ್ಬೇಕಿತ್ತಲ್ಲ.”

ಮೊದಲು ಗದರಿಕೆ, ಆಮೇಲೆ ರೂಢಿ, ಎರಡರ ಅಡಿಯಲ್ಲೂ ಕೂಲಿ. ನೋಟ್ಸಿನ ‘ಒಪ್ಪಿಗೆ’ ಎಂಬ ಒಂದೇ ಮಾತನ್ನು ಅವ್ವ ಹೀಗೆ ಬಿಡಿಸಿಟ್ಟಳು. ಗ್ರಾಮ್ಷಿಯನ್ನು ಮತ್ತೆ ತೆಗೆದು ಓದಿದರೆ, ಒಪ್ಪಿಗೆಯ ಬೆನ್ನಿಗೆ ಬಲಾತ್ಕಾರ ನಿಂತೇ ಇರುತ್ತದೆ ಎಂಬುದು ಅವನಲ್ಲೂ ಇದೆ. ಬಿಟ್ಟುಹೋಗಿದ್ದು ನಮ್ಮ ನೋಟ್ಸಿನಲ್ಲಿ.

ಈಗ ಎಂ.ಎ. ಓದುತ್ತಿರುವ ತಮ್ಮತಂಗಿಯರಿಗೆ ನಾನು ಹೇಳುವುದಿಷ್ಟೆ. ಯಾವ ಥಿಯರಿ ಓದಿದರೂ ಮೂರು ಪ್ರಶ್ನೆ ಹಾಕಿ. ಇದನ್ನು ಬರೆದವರು ಯಾವ ಜಗಳದ ನಡುವೆ ನಿಂತು ಬರೆದರು? ನಮ್ಮ ಕೇರಿಗೆ ತಂದರೆ ಇದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ? ಹೊಂದದ ಕಡೆ ನಾವು ಏನು ಸೇರಿಸಬೇಕು? ಮೂರನೆಯ ಪ್ರಶ್ನೆಗೆ ಉತ್ತರ ಬರೆಯದೆ ಎದ್ದು ಬರಬೇಡಿ.

ನನ್ನ ಹಳೆಯ ಪೇಪರನ್ನು ಮತ್ತೆ ಬರೆಯುತ್ತಿದ್ದೇನೆ. ಅದರಲ್ಲಿ ಅವ್ವನ ಮಾತು ಈಗ ಉದಾಹರಣೆಯ ಜಾಗದಲ್ಲಿಲ್ಲ, ವಾದದ ಜಾಗದಲ್ಲಿದೆ.