ಹೆಳವರ ಹೊತ್ತಿಗೆ, ತಹಶೀಲಿಯ ಉತಾರ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಮನೆತನದ ಮೂಲವನ್ನು ಹುಡುಕಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಪ್ಯಾರಿಷ್ ದಫ್ತರನ್ನು. ಪ್ಯಾರಿಷ್ ಎಂದರೆ ಒಂದು ಚರ್ಚಿನ ಆಡಳಿತಕ್ಕೆ ಒಳಪಟ್ಟ ಊರಿನ ವ್ಯಾಪ್ತಿ, ಅದರ ದಫ್ತರೆಂದರೆ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪಾದ್ರಿಗಳು ದೀಕ್ಷಾಸ್ನಾನ, ಮದುವೆ ಮತ್ತು ಮಣ್ಣು ಈ ಮೂರನ್ನು ಬರೆದಿಡತೊಡಗಿದ ಪುಸ್ತಕ. ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಿನಲ್ಲಿ ಹೀಗೆ ಎಲ್ಲ ಮನೆಗಳನ್ನೂ ಒಂದೇ ರಟ್ಟಿನೊಳಗೆ ಹಿಡಿದಿಟ್ಟ ಪುಸ್ತಕವಿಲ್ಲ. ಇಲ್ಲಿ ವಂಶದ ನೆನಪು ಹೆಳವರ ಬಳಿ, ಭೂಮಿಯ ಲೆಕ್ಕ ಕಂದಾಯದ ಕಾಗದಗಳಲ್ಲಿ, ಊರೊಳಗಿನ ಸ್ಥಾನಮಾನದ ಕ್ರಮ ಜಾತ್ರೆಯ ನಡಾವಳಿಯಲ್ಲಿ ಉಳಿದುಬಂದಿದ್ದು, ಪ್ರತಿಯೊಂದೂ ತನ್ನದೇ ಉದ್ದೇಶಕ್ಕಾಗಿ ಹುಟ್ಟಿಕೊಂಡದ್ದರಿಂದ ಒಂದರಲ್ಲಿರುವುದು ಇನ್ನೊಂದರಲ್ಲಿ ಸಿಗುವುದು ಅಪರೂಪ.

ಇವುಗಳಲ್ಲಿ ಸಂಶೋಧಕರ ಗಮನಕ್ಕೆ ಹೆಚ್ಚು ಅರ್ಹವಾದುದು, ಆದರೆ ಬಹುಕಾಲ ಭಿಕ್ಷಾಟನೆಯೆಂದೇ ಕಡೆಗಣಿಸಲ್ಪಟ್ಟದ್ದು, ಹೆಳವರ ವೃತ್ತಿ. ಉತ್ತರ ಕರ್ನಾಟಕದ ಅಲೆಮಾರಿ ಸಮುದಾಯವಾದ ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನ ಬೆನ್ನೇರಿ ಅಥವಾ ಸವಾರಿ ಬಂಡಿ ಹೂಡಿಕೊಂಡು ತಮ್ಮ ಒಕ್ಕಲುಗಳ, ಎಂದರೆ ತಲೆಮಾರುಗಳಿಂದ ತಮಗೆ ಕಾಣಿಕೆ ಕೊಡುತ್ತ ಬಂದ ಮನೆತನಗಳ, ಊರುಗಳಿಗೆ ಹೋಗಿ, ಮನೆಯ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಮೊದಲುಮಾಡಿ ಈಚಿನ ಕೂಸಿನವರೆಗೆ ಹೆಸರುಗಳನ್ನು ಓದಿ ಹೇಳುವರು. ಆ ಓದಿನಲ್ಲಿ ಬರಿಯ ಹೆಸರುಗಳಿರುವುದಿಲ್ಲ. ಮನೆತನದ ಬೆಡಗು, ಅಂದರೆ ಒಳಗೊಳಗೆ ಮದುವೆ ಸಲ್ಲದ ಕುಲದ ಕವಲು, ಮನೆದೇವರು, ಮೂಲದ ಊರು, ಅಲ್ಲಿಂದ ಎದ್ದು ಬರಲು ಕಾರಣವಾದ ಬರ ಅಥವಾ ದಾಯಾದಿ ಜಗಳ, ನಡುವೆ ತಂಗಿದ ಊರುಗಳು, ದತ್ತಕ ಬಂದವರು, ಸಂತಾನವಿಲ್ಲದೆ ನಿಂತುಹೋದ ಕವಲುಗಳು ಇವೆಲ್ಲವೂ ಸೇರಿರುತ್ತವೆ. ಹಿಂದೆ ತಾಳೆಗರಿಯಲ್ಲಿದ್ದ ಈ ದಾಖಲೆಗಳು ಆಮೇಲೆ ಉದ್ದನೆಯ ಕಾಗದದ ಹೊತ್ತಿಗೆಗಳಿಗೆ ಇಳಿದವು, ಬಂಡಿಯ ಸ್ಥಾನಕ್ಕೆ ಈಗ ಮೋಟಾರು ವಾಹನಗಳೂ ಬಂದಿವೆ. ಕಾಳು, ಬಟ್ಟೆ, ಪಾತ್ರೆ, ಹಣ, ಅನುಕೂಲಸ್ಥರಾದರೆ ಆಕಳು ಅಥವಾ ಹೋರಿಕರು ಇವು ಹೆಳವರಿಗೆ ಸಲ್ಲುವ ಕಾಣಿಕೆ. ಯಾವ ಒಕ್ಕಲು ಯಾರಿಗೆ ಎಂಬುದನ್ನು ಅವರ ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಹಂಚಿಕೊಳ್ಳುವುದರಿಂದ ಹೊತ್ತಿಗೆಯೇ ಅವರ ಪಿತ್ರಾರ್ಜಿತ ಆಸ್ತಿ.

ಕಾಣಿಕೆಯನ್ನು ನಂಬಿದ ಬರವಣಿಗೆಯಲ್ಲಿ ಹೊಗಳಿಕೆಗೆ ಎಡೆಯಿರುವುದು ಸಹಜವಾದ್ದರಿಂದ, ಮೂಲಪುರುಷನನ್ನು ಕಲ್ಯಾಣದ ಬಸವಣ್ಣನವರ ಕಾಲಕ್ಕೋ ಯಾವುದೋ ಅರಸನ ಆಸ್ಥಾನಕ್ಕೋ ಮುಟ್ಟಿಸುವ ಮಾತುಗಳನ್ನು ಹಾಗೆಯೇ ಒಪ್ಪಿಕೊಳ್ಳಲಾಗದು. ಆದರೆ ಅಜ್ಜ ಮುತ್ತಜ್ಜರ ಕಾಲದ ವಿವರಗಳ ಮಾತೇ ಬೇರೆ. ಅವು ತಪ್ಪಿದರೆ ಕೇಳುತ್ತ ಕುಳಿತ ಮನೆಯ ಹಿರಿಯರೇ ತಿದ್ದುವುದರಿಂದ, ಪ್ರತಿ ಭೇಟಿಯೂ ಹಳೆಯ ಬರಹದ ಒಂದು ಪರಿಶೀಲನೆಯಾಗಿರುತ್ತದೆ. ಇಂಥ ತಿದ್ದುಪಡಿಗೆ ಪಾದ್ರಿಯ ಪುಸ್ತಕದಲ್ಲಿ ಅವಕಾಶ ಕಡಿಮೆಯಿತ್ತೆಂಬುದನ್ನು ನೆನೆದರೆ, ಕಾಗದದ ಸರ್ಕಾರಿ ದಾಖಲೆಯೇ ಹೆಚ್ಚು ನಿಜವೆಂಬ ನಂಬಿಕೆ ತುಸು ಸಡಿಲಗೊಳ್ಳಬೇಕು.

ಅಡ್ಡಹೆಸರುಗಳೂ ಒಂದಿಷ್ಟು ದಾರಿ ತೋರಿಸುತ್ತವೆ. ಪಾಟೀಲ, ಬಿರಾದಾರ, ಕುಲಕರ್ಣಿ, ವಾಲಿಕಾರ, ತಳವಾರ ಎಂಬವು ಊರಿನ ಹುದ್ದೆಯನ್ನೂ ಬಡಿಗೇರ, ಪತ್ತಾರ, ಹೂಗಾರ ಎಂಬವು ಕಸುಬನ್ನೂ ಹೇಳಿದರೆ, ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನವು ಸಾಮಾನ್ಯವಾಗಿ ಆ ಊರನ್ನು ಬಿಟ್ಟುಬಂದುದಾಗಿರುತ್ತದೆ, ಏಕೆಂದರೆ ಘೋಣಸಗಿಯಲ್ಲೇ ಇರುವವರನ್ನು ಘೋಣಸಗಿಯವರೆಂದು ಗುರುತಿಸುವ ಅಗತ್ಯ ಆ ಊರಿನಲ್ಲಿ ಯಾರಿಗೂ ಬೀಳುವುದಿಲ್ಲ.

ಕಂದಾಯದ ಕಾಗದಗಳನ್ನು ಓದಲು ಈ ಸೀಮೆಯನ್ನು ಆಳಿದವರ ಸರಣಿ ತಿಳಿದಿರಬೇಕು. 1686ರಲ್ಲಿ ಆದಿಲಶಾಹಿಯಿಂದ ಔರಂಗಜೇಬನಿಗೆ, ಮುಂದೆ ನಿಜಾಮನಿಗೆ, 1760ರಲ್ಲಿ ಪೇಶ್ವೆಗೆ, 1818ರ ಬಳಿಕ ಸಾತಾರೆಯ ಅರಸನಿಗೆ, 1848ರಲ್ಲಿ ಆ ಸಂಸ್ಥಾನ ಕೊನೆಗೊಂಡಾಗ ಬ್ರಿಟಿಷರಿಗೆ ವಿಜಾಪುರ (ಇಂದಿನ ವಿಜಯಪುರ) ಸೇರಿದ್ದರಿಂದ, ಹಳೆಯ ಸನದು ಪಾರಸಿಯಲ್ಲಿ, ಅದರ ನಂತರದ ಲೆಕ್ಕ ಮೋಡಿ ಲಿಪಿಯ ಮರಾಠಿಯಲ್ಲಿ, ಈಚಿನದು ಕನ್ನಡದಲ್ಲಿ ಸಿಗುವುದು ಆಶ್ಚರ್ಯವಲ್ಲ. ಮೋಡಿ ಎಂದರೆ ಲೇಖನಿ ಎತ್ತದೆ ಬೇಗನೆ ಬರೆಯಲು ರೂಢಿಸಿಕೊಂಡ ಕೂಡಕ್ಷರ. ಅದನ್ನು ಓದಬಲ್ಲವರು ಇಂದು ವಿರಳ. ಪೇಶ್ವೆಯ ಕಾಲದ ಕಾಗದಗಳಿಗೆ ಪುಣೆಯ ಪೇಶ್ವೆ ದಫ್ತರದ ಬಾಗಿಲು ತಟ್ಟಬೇಕು. ಜಿಲ್ಲೆಯ ಹೆಸರೂ ಬದಲಾಗಿದೆ: 1864ರಲ್ಲಿ ರಚಿತವಾದ ಕಲಾದಗಿ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಬಂದಿತಾದ್ದರಿಂದ, ಅದಕ್ಕೂ ಹಿಂದಿನದನ್ನು ಕಲಾದಗಿಯ ಹೆಸರಿನಲ್ಲೇ ಹುಡುಕಬೇಕು. 1884ರಲ್ಲಿ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ವಿಜಾಪುರ ಸಂಪುಟವು ಜಿಲ್ಲೆಯ ಚಿತ್ರಕ್ಕೆ ಉಪಯುಕ್ತವಾದರೂ ಒಂದು ಮನೆತನದ ಬೆನ್ನು ಹತ್ತಿದವರಿಗೆ ಅದರಿಂದ ದೊರೆಯುವುದು ಸ್ವಲ್ಪವೇ.

ನೇರವಾಗಿ ನೆರವಾಗುವುದು ಉತಾರ, ಅಂದರೆ ಸರ್ವೆ ನಂಬರಿನ ವಿಸ್ತೀರ್ಣ, ಆಕಾರ (ಕಂದಾಯದ ಮೊತ್ತ), ಕಬ್ಜೇದಾರರ ಹೆಸರುಗಳನ್ನು ತೋರಿಸುವ ಪಹಣಿಪತ್ರಿಕೆ, ಮತ್ತು ಅದರ ಹಿಂದಿರುವ ಫೇರಫಾರು, ಅಂದರೆ ಹಕ್ಕು ಬದಲಾದಾಗ ಕಾರಣಸಹಿತ ಬರೆದ ನೋಂದು. ಒಬ್ಬ ಖಾತೆದಾರ ತೀರಿಕೊಂಡಾಗ ವಾರಸಾ ನೋಂದಿನಲ್ಲಿ ಸತ್ತ ವರ್ಷ, ಮಕ್ಕಳ ಹೆಸರು, ವಯಸ್ಸು ಬರುವುದರಿಂದ ಇಂಥ ನಾಲ್ಕು ನೋಂದುಗಳನ್ನು ಜೋಡಿಸಿದರೆ ನಾಲ್ಕು ತಲೆಮಾರಿನ ವಂಶವೃಕ್ಷ ನಿಲ್ಲುತ್ತದೆ. ಹೆಳವರ ಹೊತ್ತಿಗೆ ಮುಖ್ಯವಾಗಿ ಗಂಡಸರ ಸಾಲನ್ನೇ ಹಿಡಿದು ನಡೆಯುವಾಗ, ಗಂಡ ಸತ್ತು ಮಕ್ಕಳು ಚಿಕ್ಕವರಾಗಿ ಉಳಿದ ಮನೆಯಲ್ಲಿ ಪಾಲಕಿಯಾಗಿ ಹೆಂಗಸಿನ ಹೆಸರು ಕಾಣಿಸುವುದು ಈ ನೋಂದುಗಳಲ್ಲಿ. ಶಾಲೆಯ ಜನರಲ್ ರಜಿಸ್ಟರು ಇನ್ನೊಂದು ಆಕರ, ಆದರೆ ಅಲ್ಲಿಯ ಜನ್ಮದಿನಾಂಕಗಳಲ್ಲಿ ಜೂನ್ 1 ಅತಿಯಾಗಿ ಬರುವುದನ್ನು ಕಂಡು ಊರಿಗೆ ಊರೇ ಮಿರಗದ (ಮೃಗಶಿರಾ) ಮಳೆಯ ಮುಂಚೆ ಹುಟ್ಟಿತೆಂದು ಭಾವಿಸಬೇಕಾಗಿಲ್ಲ. ಅದು ಹೆಡ್ ಮಾಸ್ತರರ ಅನುಕೂಲದ ದಿನಾಂಕ.

ಕಾಗದಗಳಲ್ಲಿ ಒಮ್ಮೆಗೇ ಹಲವು ಹೆಸರುಗಳು ಮರೆಯಾಗುವ ಕಾಲವೊಂದಿದೆ. 1876ರಿಂದ 1878ರವರೆಗಿನ ಬರದಲ್ಲಿ ಕಲಾದಗಿ ಜಿಲ್ಲೆ ಎಷ್ಟು ನಲುಗಿತೆಂದರೆ 1881ರ ಜನಗಣತಿಯಲ್ಲಿ ಕಂಡ ಜನಸಂಖ್ಯೆ 1872ರದಕ್ಕಿಂತ ಬಹಳ ಕಡಿಮೆಯಿತ್ತು. ಆದ್ದರಿಂದ ಈ ನಡುವೆ ಖಾತೆಯಿಂದ ಇಲ್ಲವಾದ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸುವ ಮುನ್ನ, ಆ ಮನೆ ಗುಳೆ ಹೋಗಿ ಬೇರೆಡೆ ನೆಲೆಸಿತೇ ಎಂಬುದನ್ನು ಹೆಳವರ ಹೊತ್ತಿಗೆಯಲ್ಲಿ ನೋಡುವುದು ಲೇಸು.

ಭೂಮಿಯಿಲ್ಲದ, ಹೆಳವರ ಒಕ್ಕಲೂ ಅಲ್ಲದ ದಲಿತ ಮನೆತನಗಳ ಚರಿತ್ರೆಯನ್ನು ಹುಡುಕುವುದು ಇದಕ್ಕಿಂತ ಕಷ್ಟ. ಊರ ಚಾಕರಿಗಾಗಿ ಬಿಟ್ಟುಕೊಟ್ಟ ವತನ ಜಮೀನಿನ ಕಾಗದಗಳು, 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ನಂತರ ಆ ಜಮೀನನ್ನು ಮರಳಿ ಮಂಜೂರು ಮಾಡಿದ ಆದೇಶಗಳು ಇವರಿಗೆ ಉಳಿದಿರುವ ಮುಖ್ಯ ಬರಹದ ಸಾಕ್ಷ್ಯ. ಉಳಿದದ್ದು ಜಾತ್ರೆ, ಮೊಹರಮ್ಮುಗಳಲ್ಲಿದೆ: ಹಲಗೆ ಯಾರ ಮನೆಯದು, ಪಂಜು ಯಾರು ಹಿಡಿಯಬೇಕು, ಪಲ್ಲಕ್ಕಿ ಯಾರ ಕಟ್ಟೆಯ ಮುಂದೆ ನಿಲ್ಲಬೇಕು ಎಂಬ ಹಕ್ಕುಗಳು ಯಾವ ದಫ್ತರಿನಲ್ಲೂ ಬರೆಯದಿದ್ದರೂ ವರ್ಷವರ್ಷವೂ ಊರೆದುರು ಪಾಲನೆಯಾಗುತ್ತಿರುವುದರಿಂದ, ಅವುಗಳಲ್ಲಿ ಒಂದು ತಪ್ಪಿದಾಗ ಹುಟ್ಟುವ ತಕರಾರನ್ನು ಹಿರಿಯರು ಬಗೆಹರಿಸುವ ಮಾತುಕತೆಯಲ್ಲಿ ಆ ಮನೆ ಊರಿಗೆ ಎಂದು ಬಂದಿತು, ಯಾರು ಕರೆತಂದರು, ಯಾವ ಕೆಲಸಕ್ಕೆ ಕರೆತಂದರು ಎಂಬುದೆಲ್ಲ ಹೊರಬೀಳುತ್ತದೆ.