ಬಾಹುಕನ ಗುರುತು, ಮೆರಿಕ್‌ನ ಮುಖ

 ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರ ‘ನಳಚರಿತ್ರೆ’ಯಲ್ಲಿ ಒಬ್ಬ ಕುರೂಪಿ ಇದ್ದಾನೆ. ಕಾಡುಗಿಚ್ಚಿನಿಂದ ತಾನೇ ಉಳಿಸಿದ ಕಾರ್ಕೋಟಕ ಕಚ್ಚಿ, ಚೆಲುವ ನಳ ಬಾಹುಕನಾಗುತ್ತಾನೆ; ಋತುಪರ್ಣನ ಆಶ್ರಯದಲ್ಲಿ ಕುದುರೆ ನೋಡಿಕೊಂಡು, ಅಡುಗೆ ಮಾಡಿಕೊಂಡು ದಿನ ದೂಡುತ್ತಾನೆ. ದಮಯಂತಿಗೆ ಗುರುತು ಹತ್ತುವುದು ಅವನ ಮುಖದಿಂದಲ್ಲ, ರಥ ಹೊಡೆಯುವ ಪರಿಯಿಂದ, ಕೈಯಡುಗೆಯ ರುಚಿಯಿಂದ. ಈ ಕಥೆ ಕೇಳಿ ಬೆಳೆದವರಿಗೆ 1980ರಲ್ಲಿ ತೆರೆಕಂಡ ‘ದಿ ಎಲಿಫೆಂಟ್ ಮ್ಯಾನ್’ ದೂರದ ಚಿತ್ರ ಅನಿಸಲಾರದು. ಆದರೆ ನಳನಿಗೆ ಹಳೆಯ ರೂಪ ಮರಳಿ ಬಂತು. ಆ ಚಿತ್ರಕ್ಕೆ ವಸ್ತುವಾದ ಜೋಸೆಫ್ ಮೆರಿಕ್‌ಗೆ ಬರಲಿಲ್ಲ.

ಮೆರಿಕ್ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಎಳವೆಯಲ್ಲೇ ಮೈಮೇಲೆ ಗಂಟು ಎದ್ದವು, ತಲೆ ಊದಿತು, ಬಲಗೈ ಕೆಲಸಕ್ಕೆ ಬಾರದಾಯಿತು. ನಿರ್ಗತಿಕರ ದುಡಿಮೆಮನೆಯಲ್ಲಿ ಕೊಳೆಯುವುದಕ್ಕಿಂತ ಮೇಲೆಂದು 1884ರಲ್ಲಿ ತಾನಾಗಿಯೇ ಪ್ರದರ್ಶನದವರನ್ನು ಸೇರಿಕೊಂಡ. ಲಂಡನ್ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಅವನನ್ನು ಕಂಡ ಸರ್ಜನ್ ಫ್ರೆಡರಿಕ್ ಟ್ರೀವ್ಸ್ ಮುಂದೆ 1886ರಲ್ಲಿ ಆಸ್ಪತ್ರೆಯಲ್ಲೇ ನೆಲೆ ಕೊಡಿಸಿದರು. 1890ರಲ್ಲಿ, 27ನೇ ವಯಸ್ಸಿಗೆ, ಅಲ್ಲೇ ತೀರಿಕೊಂಡ. ಟ್ರೀವ್ಸ್ 1923ರ ನೆನಪಿನ ಪುಸ್ತಕದಲ್ಲಿ ಅವನನ್ನು ಜಾನ್ ಎಂದು ಕರೆದರು. ಸಿನಿಮಾದಲ್ಲೂ ಅದೇ ಹೆಸರು ಉಳಿಯಿತು. ಚಿತ್ರದಲ್ಲಿ ಅವನನ್ನು ಕ್ರೂರ ಯಜಮಾನನ ಬಂದಿಯಾಗಿ ತೋರಿಸಿದ್ದು ನನಗೆ ಒಪ್ಪಿಗೆಯಿಲ್ಲ. ತನ್ನ ಹೊಟ್ಟೆಯ ದಾರಿ ತಾನೇ ಹುಡುಕಿಕೊಂಡ ಅವನ ಧೈರ್ಯ ಅಲ್ಲಿ ಮುಚ್ಚಿಹೋಗಿದೆ.

ಕ್ರಿಸ್ಟೋಫರ್ ಡಿ ವೋರ್, ಎರಿಕ್ ಬರ್ಗ್ರೆನ್ ಬರೆದ ಚಿತ್ರಕಥೆ ನಿರ್ಮಾಪಕ ಮೆಲ್ ಬ್ರೂಕ್ಸ್ ಕೈಸೇರಿತು. ಅವರು ಹೆಸರಾದದ್ದು ನಗೆಚಿತ್ರಗಳಿಗೆ. ಜನ ಇದನ್ನೂ ಹಾಗೇ ಭಾವಿಸಿ ಬಂದಾರೆಂದು ತಮ್ಮ ಹೆಸರನ್ನೇ ತೆರೆಯ ಮೇಲೆ ಹಾಕಿಸಲಿಲ್ಲ. ಒಂದೇ ಪೂರ್ಣಪ್ರಮಾಣದ ಚಿತ್ರ ಮಾಡಿದ್ದ ಡೇವಿಡ್ ಲಿಂಚ್‌ಗೆ ನಿರ್ದೇಶನ ವಹಿಸಿದರು. ಲಿಂಚ್ ಮೊದಲು ಮೇಕಪ್ಪನ್ನೂ ತಾವೇ ಮಾಡಹೋಗಿ ಸೋತರು. ಆಮೇಲೆ ಬಂದ ಕ್ರಿಸ್ಟೋಫರ್ ಟಕ್ಕರ್, ಮೆರಿಕ್ ಸತ್ತಾಗ ತೆಗೆದು ಆಸ್ಪತ್ರೆಯಲ್ಲಿ ಕಾದಿಟ್ಟಿದ್ದ ದೇಹದ ಅಚ್ಚುಗಳನ್ನು ನೋಡಿ ಆ ಮುಖ ಕಟ್ಟಿದರು. ಅದನ್ನು ಹಚ್ಚಲು ಏಳೆಂಟು ತಾಸು ಬೇಕು. ನಟ ಜಾನ್ ಹರ್ಟ್ ದಿನ ಬಿಟ್ಟು ದಿನವಷ್ಟೇ ಚಿತ್ರೀಕರಣಕ್ಕೆ ನಿಲ್ಲುತ್ತಿದ್ದರು.

ಇಷ್ಟು ಶ್ರಮದ ಮುಖವನ್ನು ಲಿಂಚ್ ಬೇಗನೆ ತೋರಿಸುವುದಿಲ್ಲ. ಮೊದಲು ಕಾಣುವುದು ಅವನನ್ನು ನೋಡುತ್ತ ನಿಂತ ಟ್ರೀವ್ಸ್‌ನ, ಅಂದರೆ ಆಂಟನಿ ಹಾಪ್ಕಿನ್ಸ್‌ನ, ಕೆನ್ನೆಯ ಮೇಲೆ ಇಳಿಯುವ ಕಣ್ಣೀರು. ಮುಂದೆ, ಮೆರಿಕ್‌ಗೆ ಬುದ್ಧಿಯಿಲ್ಲವೆಂದುಕೊಂಡ ಆಸ್ಪತ್ರೆಯ ಮುಖ್ಯಸ್ಥರು ಎದ್ದು ಹೊರಡುತ್ತಾರೆ. ಆಗ ಬಾಗಿಲ ಹಿಂದಿನಿಂದ ಬೈಬಲ್ಲಿನ ಕೀರ್ತನೆಯೊಂದು ಕೇಳುತ್ತದೆ. ಕಲಿಸಿಕೊಟ್ಟ ಸಾಲುಗಳು ಮುಗಿದರೂ ಆ ದನಿ ನಿಲ್ಲುವುದಿಲ್ಲ. ಬಾಹುಕನ ಅಡುಗೆ ದಮಯಂತಿಯ ನಾಲಿಗೆಗೆ ತಾಗಿದ ಗಳಿಗೆಯೇ ಇದು.

ಎಂಟು ಆಸ್ಕರ್ ನಾಮನಿರ್ದೇಶನ ಸಿಕ್ಕರೂ ಒಂದೂ ಪ್ರಶಸ್ತಿ ಬರಲಿಲ್ಲ. ಟಕ್ಕರ್ ಕೆಲಸವನ್ನು ಗೌರವಿಸಲು ಮೇಕಪ್‌ಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇರಲಿಲ್ಲ. ಚಿತ್ರರಂಗದವರು ಅದನ್ನು ದನಿಯೆತ್ತಿ ಕೇಳಿದರು. ಮರುವರ್ಷದ ಚಿತ್ರಗಳಿಂದ ಆ ವಿಭಾಗ ಶುರುವಾಯಿತು.