ಟೈ ಗಂಟಿನ ಗುಟ್ಟು ಬಟ್ಟೆಯಲ್ಲಿದೆ

ಮೊಳಕಾಲ್ಮೂರಿನ ಹಳೆಯ ರೇಷ್ಮೆ ಸೀರೆಯಲ್ಲಿ ಟೈ ಹೊಲಿಸಬೇಕು ಅನ್ನುವವರು ಗಂಟು ಕಲಿಯುವ ಮೊದಲೇ ದರ್ಜಿಗೆ ಒಂದು ಮಾತು ಹೇಳಿಬಿಡಬೇಕು: ನೇರ ಬೇಡ, ಕ್ರಾಸ್ ಕತ್ತರಿಸಿ.

ಹಾಸಿನ ಉದ್ದಕ್ಕೋ ಹೊಕ್ಕಿನ ಅಡ್ಡಕ್ಕೋ ಎಳೆದರೆ ಬಟ್ಟೆ ಜಗ್ಗುವುದಿಲ್ಲ. ಎಳೆತವೆಲ್ಲ ನೇರ ನೂಲಿನ ಮೇಲೆಯೇ ಬೀಳುತ್ತದೆ. ಮೂಲೆಯಿಂದ ಮೂಲೆಗೆ, 45 ಡಿಗ್ರಿ ಓರೆಯಾಗಿ ಎಳೆದು ನೋಡಿ. ಹಾಸುಹೊಕ್ಕಿನ ಚೌಕಗಳು ವಾಲಿ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಒಂದು ಕರ್ಚೀಫು ಸಾಕು ಈ ಪ್ರಯೋಗಕ್ಕೆ. ಓರೆಯಾಗಿ ಕತ್ತರಿಸಿದ ಪಟ್ಟಿಗಳನ್ನು ಜೋಡಿಸಿ ಟೈ ಹೊಲಿಯುವ ಕ್ರಮಕ್ಕೆ 1920ರ ದಶಕದಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. ಅದಕ್ಕೂ ಮುಂಚಿನ ಟೈಗಳು ತಿರುಚಿಕೊಳ್ಳುತ್ತಿದ್ದವು, ಸುಕ್ಕು ಬಿಡುತ್ತಿರಲಿಲ್ಲ. ಸೀರೆಯ ಜರಿ ಅಂಚನ್ನು ಮಾತ್ರ ಇದಕ್ಕೆ ಬಳಸಬೇಡಿ. ಲೋಹ ಸುತ್ತಿದ ಎಳೆ ಒಮ್ಮೆ ಮಡಿಚಿದರೆ ಗೆರೆ ಉಳಿಸಿಕೊಳ್ಳುತ್ತದೆ.

ರೇಷ್ಮೆ ಜಾರುವ ನೂಲು. ಗೂಡಿನ ಎಳೆಗೆ ಅಂಟಿದ ಸೆರಿಸಿನ್ ಎಂಬ ಗೋಂದು, ತೂಕದಲ್ಲಿ ಸುಮಾರು ಕಾಲುಭಾಗ, ಸೋಪಿನ ನೀರಲ್ಲಿ ಕುದಿಸಿದಾಗ ಹೋಗಿಬಿಡುತ್ತದೆ. ನಯ, ಹೊಳಪು ಬರುವುದು ಆಮೇಲೆಯೇ. ಹಾಗಿದ್ದೂ ಗಂಟು ನಿಲ್ಲುವುದು ಹೇಗೆ? ಅಮೃತಮಹಲ್ ಹೋರಿಯ ಹಗ್ಗವನ್ನು ಮರಕ್ಕೆ ಸುತ್ತಿ ಹಿಡಿದಂತೆ ಲೆಕ್ಕ ಹಾಕಿ. ಘರ್ಷಣಾಂಕ 0.3 ಇದ್ದರೆ ಒಂದು ಪೂರ್ತಿ ಸುತ್ತು ಕೈಯ ಹಿಡಿತವನ್ನು ಆರೂವರೆ ಪಟ್ಟು ಮಾಡುತ್ತದೆ. ಎರಡು ಸುತ್ತಿಗೆ ಅದು ಹದಿಮೂರಲ್ಲ, ಸುಮಾರು 43 ಪಟ್ಟು! ಸುತ್ತು ಕೂಡಿದಂತೆ ಹಿಡಿತ ಗುಣಿಸುತ್ತ ಹೋಗುತ್ತದೆ. ಟೈಗೆ ಮೂರು ನಾಲ್ಕು ತಿರುವು ಸಾಕಾಗುವುದು ಇದರಿಂದಲೇ.

ಎಷ್ಟು ಬಗೆಯಲ್ಲಿ ಕಟ್ಟಬಹುದು? ಕೇಂಬ್ರಿಡ್ಜಿನ ಥಾಮಸ್ ಫಿಂಕ್, ಯೋಂಗ್ ಮಾವೋ ಎಂಬ ಭೌತವಿಜ್ಞಾನಿಗಳು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಎಡ, ಬಲ, ನಡು ಎಂಬ ಮೂರೇ ದಿಕ್ಕು. ಒಂದೇ ದಿಕ್ಕಿಗೆ ಬೆನ್ನುಬೆನ್ನಿಗೆ ಹೋಗುವಂತಿಲ್ಲ. 9 ನಡೆ ಮೀರುವಂತಿಲ್ಲ. ಸಿಕ್ಕಿದ್ದು 85 ಗಂಟು. ನಮಗೆ ಬೇಕಾದದ್ದು ಎರಡು.

ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ಟೈ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೂ ಸಂದರ್ಶನ, ಆರತಕ್ಷತೆ ತಪ್ಪುವುದಿಲ್ಲ. ದಪ್ಪ ರೇಷ್ಮೆಗೆ, ಕಿರಿದಾದ ಕಾಲರಿಗೆ ನಾಲ್ಕು ನಡೆಯ ಫೋರ್-ಇನ್-ಹ್ಯಾಂಡ್. ತೆಳು ಬಟ್ಟೆ, ಅಗಲ ಕಾಲರ್ ಇದ್ದರೆ ಆರು ನಡೆಯ ಹಾಫ್ ವಿಂಡ್ಸರ್. ದಪ್ಪ ಬಟ್ಟೆಯಲ್ಲಿ ಎಂಟು ನಡೆಯ ವಿಂಡ್ಸರ್ ಕಟ್ಟಿದರೆ ಗಂಟಲ ಕೆಳಗೊಂದು ಉಂಡೆ ಕೂರುತ್ತದೆ, ನನಗಂತೂ ಹಿಡಿಸದು.

ಫೋರ್-ಇನ್-ಹ್ಯಾಂಡ್ ಹೀಗೆ: ಅಗಲದ ತುದಿಯನ್ನು ಒಂದಡಿಯಷ್ಟು ಹೆಚ್ಚು ಇಳಿಬಿಡಿ. ಸಣ್ಣ ತುದಿಯ ಮೇಲೆ ಅಡ್ಡ ಹಾಯಿಸಿ, ಹಿಂದಿನಿಂದ ತನ್ನಿ, ಮತ್ತೆ ಮುಂದಕ್ಕೆ ಅಡ್ಡ ತಂದು, ಕತ್ತಿನ ಕುಣಿಕೆಯೊಳಗೆ ಕೆಳಗಿನಿಂದ ಮೇಲಕ್ಕೆತ್ತಿ. ಈಗ ಮುಂದಿನ ಸುತ್ತಿನೊಳಗೆ ಇಳಿಸಿ. ಬಿಗಿ ಮಾಡುವಾಗ ಗಂಟಿನ ಕೆಳಗೆ ಬೆರಳಿಟ್ಟು ಒಂದು ಗುಳಿ ಮೂಡಿಸಿ. ತುದಿ ಬೆಲ್ಟಿನ ಬಕಲ್‌ಗೆ ತಾಗಿದರೆ ಸರಿ. ಗಿಡ್ಡವಾದರೆ ಬಿಚ್ಚಿ ಮತ್ತೆ ಕಟ್ಟಿ.

ಸಮಾರಂಭ ಮುಗಿದ ಮೇಲೆ ಸಣ್ಣ ತುದಿ ಹಿಡಿದು ಜಗ್ಗಬೇಡಿ. ಕಟ್ಟಿದ ನಡೆಗಳನ್ನೇ ತಿರುಗಾಮುರುಗಾ ಬಿಚ್ಚಿ, ಟೈಯನ್ನು ಸಡಿಲವಾಗಿ ಸುರುಳಿ ಸುತ್ತಿಡಿ. ಓರೆಯಾಗಿ ವಾಲಿದ ಹಾಸುಹೊಕ್ಕು ರಾತ್ರಿ ಕಳೆಯುವಷ್ಟರಲ್ಲಿ ಬಹುಪಾಲು ಚೌಕಕ್ಕೆ ಮರಳಿರುತ್ತದೆ.